ಹೆತ್ತವಳು ಸಹಿ ಹಾಕಬೇಕಂತೆ

ಕ್ರೀಡಾ ವಸತಿಶಾಲೆ, ಅಲ್ಮಾಟಿ
10 ಮಾರ್ಚ್ 2000

ನಗಿಮಾ ಅತ್ತಿಗೆಗೆ,

ಕ್ಷೇಮ ಸಮಾಚಾರ ಕೇಳುವಷ್ಟು ಸಮಾಧಾನ ಇವತ್ತು ನನಗಿಲ್ಲ. ನನ್ನನ್ನು ತಂಡದಿಂದ ತೆಗೆಯಲು ಹೊರಟಿದ್ದಾರೆ. ಆಟ ಬರುವುದಿಲ್ಲವೆಂದಲ್ಲ, ಮೋಸಗಾತಿ ಎಂದು.

ಏಷ್ಯಾ ಕಿರಿಯರ ಮಹಿಳಾ ಬಾಸ್ಕೆಟ್‌ಬಾಲ್ ಚಾಂಪಿಯನ್‌ಶಿಪ್ಪಿಗೆ ಹೋಗುವ ಹನ್ನೆರಡು ಹುಡುಗಿಯರಲ್ಲಿ ನಾನೂ ಒಬ್ಬಳೆಂದು ಚಳಿಗಾಲದಲ್ಲೇ ಬರೆದಿದ್ದೆ. 1982ರ ಜನವರಿ ಒಂದರಿಂದ ಈಚೆಗೆ ಹುಟ್ಟಿದವರು ಮಾತ್ರ ಆಡಬಹುದು. ನಾನು ಹುಟ್ಟಿದ್ದು ಆ ವರ್ಷದ ಫೆಬ್ರವರಿ ಹದಿನೇಳು. ಅದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ನಿನ್ನೆ ವಯಸ್ಸಿನ ಸಮಿತಿಯವರು ಕರೆಸಿದರು. ಮೂರು ಜನ ಗಂಡಸರು, ಒಂದು ಮೇಜು, ನಡುವೆ ನನ್ನ ಜನನ ಪತ್ರ. ಎಸೆನೋವ್ ಎಂಬ ಅಧ್ಯಕ್ಷ ಅದನ್ನು ಬೆರಳ ತುದಿಯಲ್ಲಿ ಎತ್ತಿ ಹಿಡಿದು, “ತಾಯಿ ಉಮ್ಸಿನ್, ಹುಟ್ಟಿದ್ದು ಸಾವಿರದ ಒಂಬೈನೂರ ಮೂವತ್ತು. ಅಂದ್ರೆ ನಿನ್ನ ಹೆತ್ತಾಗ ಆಯಮ್ಮನಿಗೆ ಐವತ್ತೆರಡು. ನಿಮ್ಮೂರ ನೀರಲ್ಲಿ ಅಂಥದ್ದೇನಮ್ಮ ಇರೋದು?” ಎಂದ. ಉಳಿದಿಬ್ಬರು ನಕ್ಕರು.

ನಾನು ನಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಉಮ್ಸಿನ್, ಅಂದರೆ ನಮ್ಮ ಅಪಾ, ನನ್ನನ್ನು ಹೆತ್ತವರಲ್ಲ, ಸಾಕಿದವರು. ಅವರ ಮಗ ತೊಕ್ತಾರ್ ಅಣ್ಣ, ಅವನ ಹೆಂಡತಿ ನೀವು, ನಾನು ನಿಮ್ಮಿಬ್ಬರ ಚೊಚ್ಚಲು. ನಲವತ್ತು ದಿನ ತುಂಬಿದ ಮೇಲೆ ನನ್ನನ್ನು ಅಜ್ಜ ಅಜ್ಜಿಯ ಮಡಿಲಿಗೆ ಹಾಕಿದಿರಿ. ತಾತ ನೋಂದಣಿ ಕಚೇರಿಗೆ ಹೋಗಿ ತನ್ನ ಮಗಳೆಂದೇ ಬರೆಸಿದ. ನಮ್ಮಲ್ಲಿ ಇದು ಮನೆಮನೆಯ ಸಂಗತಿ. ಎಸೆನೋವ್ ಎಲ್ಲ ಕೇಳಿ ಕಡತ ಮುಚ್ಚಿದ. “ಅದೆಲ್ಲ ಸರಿ ಕಣಮ್ಮ. ನಾವೂ ವಿಚಾರಿಸಿದ್ದೀವಿ. ನಿಮ್ಮ ಕಡೆಯವರೇ ಅಲ್ಲ ಅಂದಿದ್ದಾರೆ.” ಯಾರು ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ಆಮೇಲೆ ವೈದ್ಯರ ಕೋಣೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದರು. ಮೂಳೆ ಕೂಡಿಬಿಟ್ಟಿದೆ, ಹದಿನೇಳೂ ಇರಬಹುದು, ಇಪ್ಪತ್ತೂ ಇರಬಹುದು, ಇದರಿಂದ ಏನೂ ತಿಳಿಯುವುದಿಲ್ಲ ಎಂದರು. ಬಾಯಿ ತೆರೆಸಿ ಹಲ್ಲು ಎಣಿಸಿದರು. ಸಂತೆಯಲ್ಲಿ ಕುದುರೆ ಕೊಳ್ಳುವವನು ಕೂಡ ಮೊದಲು ಅದರ ಕುತ್ತಿಗೆ ಸವರುತ್ತಾನೆ. “ಗೊರಸು ನೋಡಲ್ವಾ?” ಎಂದು ಕೇಳಿದೆ. ಅದನ್ನೂ ಬರೆದುಕೊಂಡರು.

ನಾನು ಹುಟ್ಟಿದ ಆಸ್ಪತ್ರೆ ಮುಚ್ಚಿದಾಗ ಅಲ್ಲಿನ ಹಳೆಯ ಪುಸ್ತಕಗಳೆಲ್ಲ ಒಲೆ ಸೇರಿದವು. ಇನ್ನು ಉಳಿದಿರುವುದು ಒಂದೇ ದಾರಿ. ಹೆತ್ತವಳು ಸಹಿ ಹಾಕಬೇಕಂತೆ. ಏಪ್ರಿಲ್ 28ಕ್ಕೆ ಪಟ್ಟಿ ಮುಚ್ಚುತ್ತದೆ.

ನಾವಿಬ್ಬರೂ ಈ ಮಾತನ್ನು ಎಂದೂ ಆಡಿದವರಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಆಡುವುದಿಲ್ಲ, ಅದೇ ನಮ್ಮ ಮರ್ಯಾದೆ. ಆದರೆ ಆಡದೆ ಉಳಿದ ಸತ್ಯ ಅಧಿಕಾರಿಯ ಕೈಯ ದೊಣ್ಣೆಯಾಗುತ್ತದೆ ಎಂದು ವಿಶ್ವವಿದ್ಯಾಲಯದ ಗೇಟಿನಲ್ಲಿ ಹಂಚುವ ಒಂದು ಕೈಹೊತ್ತಗೆಯಲ್ಲಿ ಓದಿದ್ದೆ. ಈಗ ಕಣ್ಣಾರೆ ಕಂಡೆ. ಎರಡು ಸಾಲು ಬರೆದು ನೋಟರಿಯ ಮುದ್ರೆ ಹಾಕಿಸಿ ಕಳಿಸಿ. ಅಪಾಗೆ ಮಾತ್ರ ಇದ್ಯಾವುದೂ ತಿಳಿಯುವುದು ಬೇಡ.

ಕುರಾಲಾಯ್


ತೆಕೆಲಿ
23 ಮಾರ್ಚ್ 2000

ಮುದ್ದು,

ನಿನ್ನ ಪತ್ರ ಬಂದು ವಾರವಾಯಿತು. ನೌರೂಜ್ ಹಬ್ಬದ ಗಡಿಬಿಡಿ, ಬೇಕರಿಯಲ್ಲೂ ಎರಡು ಪಾಳಿ. ಈ ಸಲ ಹಬ್ಬದ ಗಂಜಿಗೆ ಗೋಧಿ ಸರಿಯಾಗಿ ಬೇಯಲಿಲ್ಲ. ನಿನ್ನ ಅಣ್ಣ ತುಟಿ ಎರಡು ಮಾಡದೆ ಕುಡಿದರು. ಹುಡುಗರಿಬ್ಬರೂ, ಅಮ್ಮ ಕಲ್ಲು ಬೇಯಿಸಿದ್ದಾಳೆ ಎಂದು ಬೀದಿಯೆಲ್ಲ ಸಾರಿದರು.

ಅಪಾಗೆ ಮಂಡಿನೋವು ಈಗ ಕಡಿಮೆ. ಫೆಬ್ರವರಿಯಲ್ಲಿ ನಮ್ಮಲ್ಲೇ ಇದ್ದು ಹದಿನೈದು ದಿನ ಕಾವು ಕೊಡಿಸಿಕೊಂಡರು. ಈಗ ಊರಿಗೆ ಹೋಗಿ ದನ ನೋಡಿಕೊಳ್ಳುತ್ತಿದ್ದಾರೆ. ನಿನ್ನ ಹಾಸಿಗೆಯ ಕೌದಿಯನ್ನು ಬಿಸಿಲಿಗೆ ಹಾಕಿ ತೆಗೆದರಂತೆ.

ನೀನು ದೊಡ್ಡವರ ಹತ್ತಿರ ಹಾಗೆಲ್ಲ ಮಾತಾಡಬೇಡ. ಗೊರಸಿನ ಮಾತು ಬೇಕಿರಲಿಲ್ಲ. ಅವರೂ ಮೇಲಿನವರಿಗೆ ಉತ್ತರ ಕೊಡಬೇಕಾದವರೇ. ಕಾಗದದ ವಿಷಯ ನಿನ್ನ ಅಣ್ಣನ ಹತ್ತಿರ ಮಾತಾಡಬೇಕು, ಅವರು ಗೂಡ್ಸ್ ರೈಲಿನ ಕೆಲಸದ ಮೇಲೆ ಹೋಗಿದ್ದಾರೆ. ಈ ಸಲ ಆಗದಿದ್ದರೆ ಬರುವ ವರ್ಷವೂ ಆಟ ಇರುತ್ತದಲ್ಲವೇ?

ಒಣಮೊಸರಿನ ಉಂಡೆ ಕಳಿಸಿದ್ದೇನೆ. ಉಪ್ಪು ಸ್ವಲ್ಪ ಮುಂದಾಗಿದೆ. ಕಾಲುಚೀಲ ಎರಡು ಜೊತೆ. ಬಲಗಾಲಿನದು ಒಂದು ಎಳೆ ಅಗಲ ಹೆಣೆದಿದ್ದೇನೆ, ನಿನ್ನ ಬಲಗಾಲು ದೊಡ್ಡದು.

ನಿನ್ನ ಅತ್ತಿಗೆ


ಅಲ್ಮಾಟಿ
27 ಮಾರ್ಚ್ 2000

ಅತ್ತಿಗೆ,

ನಾನು ಕೇಳಿದ್ದು ಒಂದು. ನೀವು ಉತ್ತರ ಕೊಟ್ಟಿರುವುದು ಗಂಜಿಗೆ, ಮಂಡಿಗೆ, ಕೌದಿಗೆ, ಕಾಲುಚೀಲಕ್ಕೆ.

ಬರುವ ವರ್ಷ ಎಂದು ಬರೆದಿದ್ದೀರಿ. ಬರುವ ವರ್ಷ ನನ್ನ ವಯಸ್ಸು ದಾಟಿರುತ್ತದೆ. ಈ ಚಾಂಪಿಯನ್‌ಶಿಪ್ ಹುಡುಗಿಯೊಬ್ಬಳ ಬಾಳಿನಲ್ಲಿ ಒಂದೋ ಎರಡೋ ಸಲ ಬಾಗಿಲು ತೆರೆಯುತ್ತದೆ, ಆಮೇಲೆ ಇಲ್ಲ. ನಮಗಂತೂ ಅದು ತೆರೆದದ್ದೇ ಮೊನ್ನೆ ಮೊನ್ನೆ. 1970ರಲ್ಲಿ ಅದು ಶುರುವಾದಾಗ ನಾವು ಏಷ್ಯಾದವರೇ ಆಗಿರಲಿಲ್ಲ. ಸೋವಿಯತ್ತಿನ ಬಾವುಟದ ಕೆಳಗೆ ಯುರೋಪಿನ ಲೆಕ್ಕದಲ್ಲಿದ್ದೆವು. ಇಲ್ಲಿಯ ಹುಡುಗಿ ಹೊರಗೆ ಆಡಬೇಕೆಂದರೆ ಮಾಸ್ಕೋ ತಲೆ ಆಡಿಸಬೇಕಿತ್ತು. ಕೊರಿಯಾದ, ಚೀನಾದ ಹುಡುಗಿಯರು ಪದಕ ಹಂಚಿಕೊಳ್ಳುತ್ತಿದ್ದಾಗ ನಮ್ಮವರು ಮಾಸ್ಕೋದ ಶಿಬಿರದ ಬಾಗಿಲಲ್ಲಿ ಚೀಲ ಹಿಡಿದು ನಿಂತಿದ್ದರು. ದೇಶ ಒಡೆದ ಮೇಲೆ ನಮ್ಮನ್ನು ಏಷ್ಯಾದ ಕಡೆ ಸರಿಸಿದರು. ಬಾಗಿಲು ಹತ್ತಿರ ಬಂತು. ಈಗ ಆ ಬಾಗಿಲಲ್ಲಿ ಎಸೆನೋವ್ ಕೂತಿದ್ದಾನೆ.

ಇದನ್ನೆಲ್ಲ ನಾನು ಓದಿದ್ದು ನಮ್ಮ ಕೋಚ್ ಲ್ಯುದ್ಮಿಲಾ ಪಾಕ್ ಅವರ ಬೀರುವಿನಲ್ಲಿದ್ದ ಹಳೆಯ ಕ್ರೀಡಾ ವರದಿಗಳಲ್ಲಿ. ಅಲ್ಲಿ ಇನ್ನೊಂದೂ ಸಿಕ್ಕಿತು. 1981ರ ಜೂನ್, ಕಿರಿಯರ ತಂಡದ ಆಯ್ಕೆ ಶಿಬಿರ, ನಮ್ಮ ಪ್ರಾಂತದಿಂದ ಕರೆ ಬಂದದ್ದು ಒಬ್ಬಳಿಗೆ. ನಿಮ್ಮ ತವರಿನ ಹೆಸರು, ನಿಮ್ಮ ಹುಟ್ಟಿದ ವರ್ಷ. ಪಕ್ಕದಲ್ಲಿ ‘ಹಾಜರಾಗಲಿಲ್ಲ’ ಎಂದಿದೆ. ಪಾಕ್ ಮೇಡಂ ನಿಮ್ಮನ್ನು ಮರೆತಿಲ್ಲ. “ಎಡಗೈಯಲ್ಲಿ ಎಸೀತಿದ್ಲು, ತಡೆಯೋರು ಯಾವ ಕಡೆ ಹಾರಬೇಕು ಅಂತ ಯೋಚಿಸೋದರೊಳಗೆ ಚೆಂಡು ಬುಟ್ಟಿ ದಾಟಿರೋದು” ಎಂದರು. ನಾನು ಅಂಗಳದಲ್ಲಿ ಚೆಂಡು ಬಡಿಯುವುದನ್ನು ಎಷ್ಟೋ ವರ್ಷ ಕಿಟಕಿಯಿಂದ ನೋಡಿದ್ದೀರಿ. ಒಂದು ಸಲವೂ ಹೇಳಲಿಲ್ಲ.

ನಿಮ್ಮ ಲಕೋಟೆಯ ಮೇಲೆ ನನ್ನ ಹೆಸರು ಯಾವಾಗಲೂ ಅಣ್ಣನ ಕೈಬರಹದಲ್ಲಿರುತ್ತದೆ, ಒಳಗೆ ‘ಮುದ್ದು’. ಗಂಡನ ಒಡಹುಟ್ಟಿದವರ ಹೆಸರನ್ನು ಸೊಸೆ ಎತ್ತಬಾರದು, ಗೊತ್ತು. ನಾನು ಲೆಕ್ಕಕ್ಕೆ ನಿಮ್ಮ ನಾದಿನಿ, ಅದೂ ಗೊತ್ತು. ಆದರೆ ಗಂಡಸಿನ ಮನೆತನಕ್ಕೆ ಹೆಂಗಸಿನ ನಾಲಿಗೆಯನ್ನು ಒತ್ತೆ ಇಡುವ ಪದ್ಧತಿಗೆ ಮರ್ಯಾದೆ ಎಂಬ ಹೆಸರು ಕೊಟ್ಟವರು ಯಾರು?

ಇನ್ನೊಂದು ವಿಷಯ. ಸಮಿತಿಯವರಿಗೆ ಅಲ್ಲ ಎಂದು ಹೇಳಿದ ನೀಚರು ಯಾರೆಂದು ಪತ್ತೆ ಮಾಡಿದ್ದೇನೆ. ನಿಮ್ಮ ಎದುರು ಮನೆಯ ಕುಲ್ಯಾಶ್. ಅವಳ ತಂಗಿಯ ಮಗಳನ್ನು ಶರತ್ಕಾಲದಲ್ಲಿ ತಂಡದಿಂದ ಕೈಬಿಟ್ಟರು. ಬೇರೆ ಯಾರಿಗೆ ನನ್ನ ಮೇಲೆ ಹೊಟ್ಟೆಕಿಚ್ಚು? ಆಕೆಗೆ ನಾಲ್ಕು ಪುಟ ಬರೆದು ಹಾಕಿದ್ದೇನೆ. ಓದಿದ ಮೇಲೆ ಆಕೆ ಬೀದಿಯಲ್ಲಿ ತಲೆ ಎತ್ತಿ ನಡೆಯಲಿ ನೋಡೋಣ.

ಇನ್ನು ಒಂದು ತಿಂಗಳಿದೆ. ಸಹಿ ಕಳಿಸಿ.

ಕುರಾಲಾಯ್


ತೆಕೆಲಿ
5 ಏಪ್ರಿಲ್ 2000

ಮುದ್ದು,

ಕುಲ್ಯಾಶ್ ನಿನ್ನೆ ನಿನ್ನ ಪತ್ರ ಹಿಡಿದು ಬಂದಳು. ಒಳಗೆ ಬಾ ಎಂದರೆ ಬರಲಿಲ್ಲ. ಹೊಸ್ತಿಲಾಚೆ ನಿಂತು ನಾಲ್ಕೂ ಪುಟ ಗಟ್ಟಿಯಾಗಿ ಓದಿದಳು. ‘ನಂಜಿನ ಹೆಂಗಸು’ ಎಂಬಲ್ಲಿಗೆ ಬಂದಾಗ ಅವಳ ದನಿ ಒಡೆಯಿತು. “ನಿಮ್ಮನೆ ಹುಡುಗಿಗೆ ನಾನೇನಮ್ಮ ಮಾಡಿದ್ದೆ? ಚಿಕ್ಕವಳಿದ್ದಾಗ ಎಷ್ಟು ಸಲ ನಮ್ಮನೇಲಿ ಉಂಡು ಮಲಗಿಲ್ಲ?” ಎಂದಳು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

ಅವಳು ಏನೂ ಮಾಡಿಲ್ಲ. ಅಲ್ಲ ಎಂದವಳು ನಾನು.

ಹೇಗೆ ಎಂದು ಬರೆಯುತ್ತೇನೆ, ನಿನಗೆ ಬೇಕಾದ ಹಾಗೆ ತಿಳಿದುಕೋ. ಫೆಬ್ರವರಿಯಲ್ಲಿ ಅಪಾ ಇಲ್ಲಿದ್ದರಲ್ಲ, ಆಗ ಚೀಲ ಹಿಡಿದ ಒಬ್ಬಾತ ಬಂದ. ಆಟದ ಕಚೇರಿಯಿಂದ, ಒಂದೆರಡು ವಿಷಯ ಬರೆದುಕೊಳ್ಳಬೇಕು ಎಂದ. ಬಂದವನನ್ನು ಬಾಗಿಲಲ್ಲಿ ನಿಲ್ಲಿಸುವುದುಂಟೇ? ಒಳಗೆ ಕರೆದು ಕೂರಿಸಿದೆ. ಅಪಾ ಹಿರಿಯರು ಕೂರುವ ಜಾಗದಲ್ಲಿ ಕೂತಿದ್ದರು, ನಾನು ಚಹಾ ಹಾಕುತ್ತಿದ್ದೆ. ಆತ ರೊಟ್ಟಿ ಮುರಿದು ಬಾಯಿಗಿಟ್ಟು, ಹವಾಮಾನ ಕೇಳಿದ ಹಾಗೆ, “ಈ ಹುಡುಗಿ ನಿಮ್ಮ ಮಗಳಾ?” ಎಂದ. ನನ್ನತ್ತೆಯ ಎದುರಿಗೆ.

“ಅಯ್ಯೋ, ಅಲ್ಲಪ್ಪ. ನಮ್ಮ ಅತ್ತೆಯವರ ಮಗಳು” ಎಂದೆ.

ಯೋಚಿಸಿ ಹೇಳಿದ್ದಲ್ಲ. ಹದಿನೆಂಟು ವರ್ಷದಿಂದ ಕೇಳಿದವರಿಗೆಲ್ಲ ಇದನ್ನೇ ಹೇಳಿದ್ದೇನೆ, ನಾಲಿಗೆ ತಾನಾಗಿ ಹೋಯಿತು. ಅವನು ಬರೆದುಕೊಂಡು ನನ್ನ ಮುಂದಿಟ್ಟ. ಅವನಿಗೆ ಬೇಗ ಹೋಗಬೇಕಿತ್ತು, ನನಗೆ ಹಾಲು ಉಕ್ಕುತ್ತಿತ್ತು. ಸಹಿ ಹಾಕಿದೆ. ಅಪಾ ಬಟ್ಟಲು ಮುಂದೆ ಚಾಚಿದರು. ನಾನು ಚಹಾ ಹಾಕಿದೆ.

1981ರ ಸಂಗತಿ ಕೇಳಿದ್ದೀಯ. ಹೋಗಬೇಡ ಎಂದು ಯಾರೂ ಹೇಳಲಿಲ್ಲ. ಮದುವೆಯಾಗಿ ಎರಡು ತಿಂಗಳಾಗಿತ್ತು. ಕರೆಯ ಪತ್ರ ಬಂದ ವಾರವೇ ನೀನು ಇದ್ದೀಯೆಂದು ಗೊತ್ತಾಯಿತು. ಮುಂದಿನ ಬೇಸಿಗೆಗೆ ಹೋದರಾಯಿತು ಅಂದುಕೊಂಡೆ. ನಿನ್ನನ್ನು ಅಪಾಗೆ ಕೊಟ್ಟ ಮೇಲೆ ಕೈ ಖಾಲಿಯಿತ್ತು, ಆಡಬಹುದಿತ್ತು. ಊರ ಶಾಲೆಯ ಅಂಗಳಕ್ಕೆ ಒಂದು ದಿನ ಹೋಗಿ ಚೆಂಡು ಹಿಡಿದೆ. ಎದೆಯಲ್ಲಿ ಹಾಲು ಕಟ್ಟಿತ್ತು, ನಾಲ್ಕು ಹೆಜ್ಜೆ ಓಡಲಾಗಲಿಲ್ಲ. ಗೋಡೆಯ ಆಚೆ ನಿನ್ನ ಅಳು ಕೇಳಿಸುತ್ತಿತ್ತು. ಇನ್ನು ಮೇಲೆ ನೀನು ಅತ್ತರೆ ನಾನು ತಿರುಗಿ ನೋಡಬಾರದು ಎಂದು ಅಪಾ ಹೇಳಿದ್ದರು. ಕೆಟ್ಟ ಮಾತಲ್ಲ ಅದು, ಇಬ್ಬರು ತಿರುಗಿದರೆ ಮಗುವಿಗೆ ದಾರಿ ತಪ್ಪುತ್ತದೆ. ನಾನು ತಿರುಗಲಿಲ್ಲ.

ಈಗ ತಿರುಗು ಎನ್ನುತ್ತೀಯ. ಅಪಾ ಬದುಕಿರುವಾಗ ನನ್ನ ಮಗು ಎಂದು ಬರೆದುಕೊಡುವುದೆಂದರೆ ಅವರ ಮಡಿಲಿಂದ ಕಿತ್ತುಕೊಂಡ ಹಾಗೆ. ಕೊಟ್ಟದ್ದನ್ನು ಕೇಳುವುದಿಲ್ಲ. ನನ್ನಿಂದಾಗದು.

ಕುಲ್ಯಾಶ್‌ಗೆ ಕ್ಷಮೆ ಕೇಳಿ ಬರೆ.

ನಿನ್ನ ಅತ್ತಿಗೆ


ಅಲ್ಮಾಟಿ
8 ಏಪ್ರಿಲ್ 2000

ಅತ್ತಿಗೆ,

ಕುಲ್ಯಾಶ್‌ಗೆ ಬರೆದಿದ್ದೇನೆ. ತಪ್ಪು ನನ್ನದು, ಒಪ್ಪಿಕೊಳ್ಳಲು ಒಂದು ಪುಟ ಸಾಕಾಯಿತು. ನಿಮಗೂ ಒಂದು ಪುಟ ಸಾಕಿತ್ತು. ನಾನು ಬರೆದ ಮೊದಲ ಪತ್ರ ಓದಿದ ದಿನವೇ, ‘ಅಲ್ಲ ಎಂದವಳು ನಾನು’ ಎಂದು ಬರೆಯಬಹುದಿತ್ತು. ಹಾಗೆ ಮಾಡದೆ ಒಣಮೊಸರು ಕಳಿಸಿದಿರಿ. ಉಪ್ಪು ಮುಂದಾಗಿದೆ ಎಂದು ಎಚ್ಚರಿಸಿ ಕಳಿಸಿದಿರಿ.

ನಿಮ್ಮ ಎದೆಹಾಲಿನ ಮಾತು ಓದಿ ಅಳು ಬಂತು. ಅತ್ತದ್ದಕ್ಕೆ ಸಿಟ್ಟು ಇನ್ನೂ ಹೆಚ್ಚಾಯಿತು. ಬೆಕ್ಕು ಕೂಡ ಮರಿಯನ್ನು ಕಚ್ಚಿಕೊಂಡು ಬೇರೆ ಮನೆಯಲ್ಲಿ ಇಡುತ್ತದೆ. ಆದರೆ ಇದು ನಿನ್ನದೇನೇ ಎಂದು ಯಾರಾದರೂ ಕೇಳಿದರೆ ಅಲ್ಲ ಎಂದು ಸಹಿ ಹಾಕುವುದಿಲ್ಲ. ಕೊಟ್ಟದ್ದು, ಕೇಳುವುದು, ಕಿತ್ತುಕೊಳ್ಳುವುದು ಎನ್ನುತ್ತೀರಿ. ನಾನು ಬಟ್ಟಲೇ? ನೀವು ಒಬ್ಬರ ಮರ್ಯಾದೆ ಕಾದಿರಿ, ಅವನು ಕಚೇರಿಯ ಮರ್ಯಾದೆ ಕಾದ, ತಾತ ಮನೆತನದ ಮರ್ಯಾದೆ ಕಾದು ನೋಂದಣಿ ಪುಸ್ತಕದಲ್ಲಿ ತನಗೆ ಬೇಕಾದ್ದು ಬರೆಸಿದ. ಎಲ್ಲರ ಮರ್ಯಾದೆಯ ಮೊತ್ತ ನನ್ನ ಹಲ್ಲು ಎಣಿಸುವಲ್ಲಿಗೆ ಬಂದು ನಿಂತಿತು.

ನನಗೆ ತಾಯಿ ಬೇಕಾಗಿಲ್ಲ. ನನಗೆ ಅಪಾ ಇದ್ದಾರೆ. ನನಗೆ ಬೇಕಾದದ್ದು ಒಂದು ಕಾಗದ. ಅದನ್ನು ಕೊಡುವ ಧೈರ್ಯ ನಿಮಗಿಲ್ಲದಿದ್ದರೆ ಮುಂದಿನ ವಾರ ಊರಿಗೆ ಹೋಗಿ ಅಪಾಗೇ ಎಲ್ಲ ಹೇಳುತ್ತೇನೆ.

ಇದಕ್ಕೆ ಉತ್ತರವಾಗಿ ಹವಾಮಾನ ಬರೆಯಬೇಡಿ.

ಕುರಾಲಾಯ್


ಟೆಲಿಗ್ರಾಂ
ತೆಕೆಲಿ, 12 ಏಪ್ರಿಲ್ 2000

ಅಪಾ ಹತ್ತಿರ ಹೋಗಬೇಡ. ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಕಚೇರಿಯ ವಿಳಾಸ ಗೊತ್ತಿಲ್ಲ. ನಿಲ್ದಾಣಕ್ಕೆ ಬಾ.


ಅಲ್ಮಾಟಿ
18 ಏಪ್ರಿಲ್ 2000

ಅತ್ತಿಗೆ,

ನಿನ್ನೆ ನೀವು ಸಮಿತಿಯ ಕೋಣೆಯಲ್ಲಿದ್ದಾಗ ನಾನು ಮತ್ತು ಪಾಕ್ ಮೇಡಂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಆ ಬಾಗಿಲು ತೆಳು ಹಲಗೆಯದು, ನಿಮಗೆ ಗೊತ್ತಿರಲಿಲ್ಲ. ಮಗುವಿನ ಹೆಸರೇನು ಎಂದು ಅವರು ಕೇಳಿದರು. ನೀವು ಉತ್ತರಿಸಲಿಲ್ಲ. ಎಷ್ಟು ಹೊತ್ತು ಉತ್ತರಿಸಲಿಲ್ಲವೆಂದರೆ ಮೇಡಂ ಗಡಿಯಾರ ನೋಡಿಕೊಂಡರು. ಅವರು ಮತ್ತೆ ಕೇಳಿದರು. “ಕುರಾಲಾಯ್” ಎಂದಿರಿ. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೊಂದು ಸಲ. “ಕುರಾಲಾಯ್. ನಾನೇ ಹೆತ್ತಿದ್ದು.”

ನನ್ನ ಹೆಸರು ನಿಮ್ಮ ದನಿಯಲ್ಲಿ ಹೇಗಿರುತ್ತದೆಂದು ಗೊತ್ತಾಯಿತು. ಅದರ ಬಗ್ಗೆ ಇಷ್ಟು ಸಾಕು. ಹೊರಗೆ ಬಂದು ನನ್ನ ಮುಖ ನೋಡದೆ ಬಸ್ಸಿಗೆ ಹೊತ್ತಾಯಿತೆಂದು ಓಡಿದಿರಿ. ಬಸ್ಸಿಗೆ ಇನ್ನೂ ಎರಡು ಗಂಟೆಯಿತ್ತು.

ನೀವು ಹೋದ ಮೇಲೆ ನನ್ನನ್ನು ಕರೆದರು. ಎಸೆನೋವ್ ನಿಮ್ಮ ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟಿದ್ದ. “ಒಂದೇ ಹೆಂಗಸು, ಒಂದೇ ಸಹಿ. ಫೆಬ್ರವರೀಲಿ ಅಲ್ಲ ಅಂತಾಳೆ, ಏಪ್ರಿಲಲ್ಲಿ ಹೌದು ಅಂತಾಳೆ. ನಾನು ಯಾವ ತಿಂಗಳನ್ನ ನಂಬಲಿ ಹೇಳು” ಎಂದ. ಅಲ್ಲ ಎಂದಾಗ ಮೊದಲ ಬಾರಿಗೇ ನಂಬಿದವರು, ಹೌದು ಎಂದಾಗ ಎರಡನೆಯ ಸಾಕ್ಷಿ ಕೇಳುತ್ತಾರೆ. ನಾನು ಹಾಗೆಂದೇ ಹೇಳಿದೆ. ಅವನು ಬೆರಳಚ್ಚು ಮಾಡಿದ ಒಂದು ನಮೂನೆ ನನ್ನ ಕಡೆ ತಳ್ಳಿದ. ಜನನ ಪತ್ರದಲ್ಲಿ ತಾಯಿಯೆಂದು ಇರುವವರು ಅದಕ್ಕೆ ಹೆಬ್ಬೆಟ್ಟು ಒತ್ತಬೇಕಂತೆ. ‘ಸದರಿ ಕುರಾಲಾಯ್ ನನ್ನ ಮಗಳಲ್ಲ.’ ಅಷ್ಟೇ ಒಕ್ಕಣೆ. ಅದು ಬಂದರೆ ನಾನು ಪಟ್ಟಿಯಲ್ಲಿ, ಇಲ್ಲದಿದ್ದರೆ ಇಲ್ಲ.

ಅತ್ತಿಗೆ, ಸತ್ಯ ಬೇಕು ಎಂದು ಕೂಗಿದವಳು ನಾನೇ. ನೀವು ಹೆತ್ತದ್ದು ಸತ್ಯ. ನಾನು ಅಪಾ ಮಗಳಲ್ಲ ಎನ್ನುವುದು ಸತ್ಯವಲ್ಲ. ಜ್ವರ ಬಂದಾಗ ಕುದುರೆ ಹಾಲು ಕುಡಿಸಿ ಪಕ್ಕದಲ್ಲಿ ಮಲಗಿದವರು, ಹುಡುಗಿಗೇಕೆ ಚೆಂಡು ಎಂದ ತಾತನ ಬಾಯಿ ಮುಚ್ಚಿಸಿ ಕುರಿ ಮಾರಿ ಬೂಟು ತಂದವರು, ಅವರಿಗೆ ಈ ನಮೂನೆಯನ್ನು ನಾನು ಓದಿ ಹೇಳಲೇ? ಹರಿದು ಹಾಕಲು ಹೋದೆ. ಮೇಡಂ ಕೈಯಿಂದ ಕಿತ್ತುಕೊಂಡರು.

ಹಿಂದಿನ ಪತ್ರದಲ್ಲಿ ಅಪಾಗೆ ಹೇಳುತ್ತೇನೆ ಎಂದು ಹೆದರಿಸಿದ್ದೆ. ಈಗ ಕೇಳಿಕೊಳ್ಳುತ್ತಿದ್ದೇನೆ, ನೀವೂ ಹೇಳಬೇಡಿ. ಸುಮ್ಮನಿರಿ. ಬೆಕ್ಕಿನ ಮಾತಿಗೆ ನನ್ನ ಮೇಲೆ ಬೇಸರವಿರಬಹುದು. ಇರಲಿ.

ಕುರಾಲಾಯ್


ತೆಕೆಲಿ
24 ಏಪ್ರಿಲ್ 2000

ಕುರಾಲಾಯ್,

ಬರೆಯುವುದು ಹೇಳುವುದಕ್ಕಿಂತ ಸುಲಭ, ಆದರೂ ಮೊದಲ ಅಕ್ಷರಕ್ಕೆ ಪೆನ್ನು ನಿಂತಿತು.

ಸುಮ್ಮನಿರಿ ಎಂದು ನೀನು ಬರೆದಿದ್ದೆ. ಸುಮ್ಮನಿದ್ದು ನನಗೆ ಸಾಕಾಗಿದೆ. ನಿಮ್ಮ ಪಾಕ್ ಮೇಡಂ ಬೇಕರಿಗೆ ಫೋನ್ ಮಾಡಿದರು. ಆ ನಮೂನೆ ಬಸ್ಸಿನ ಡ್ರೈವರ್ ಕೈಯಲ್ಲಿ ಬಂತು. ಶನಿವಾರ ಊರಿಗೆ ಹೋದೆ.

ಅಪಾ ಒಲೆಯ ಹತ್ತಿರ ಕೂತಿದ್ದರು. ಫೆಬ್ರವರಿಯ ಮಾತಿನಿಂದ ಹಿಡಿದು ಎಲ್ಲ ಹೇಳಿದೆ, ಅಲ್ಮಾಟಿಯಲ್ಲಿ ನಾನು ಹೆಸರು ಎತ್ತಿದ್ದನ್ನೂ ಹೇಳಿದೆ. ನಮೂನೆ ಓದು ಎಂದರು. ಓದಿದೆ. ಇನ್ನೊಂದು ಸಲ ಓದಿಸಿದರು. “ಯಾವನು ಬರೆದದ್ದು ಇದನ್ನ? ಅವನಿಗೆ ತಾಯಿ ಇದ್ದಾಳಾ?” ಎಂದರು. ಆಮೇಲೆ ಸಿಟ್ಟು ನನ್ನ ಕಡೆ ತಿರುಗಿತು.

“ಆವತ್ತು ಆ ಚೀಲದವನು ಕೇಳಿದಾಗ ನೀನು ಹೌದು ಅಂತೀಯ ಅಂದ್ಕೊಂಡು ಬಟ್ಟಲು ಹಿಡ್ಕೊಂಡು ಕೂತಿದ್ದೆ. ನೀನು ಅಲ್ಲ ಅಂದುಬಿಟ್ಟೆ. ಒಂದು ದಿನಕ್ಕೂ ಈ ಹುಡುಗಿ ಇವಳಿಗೆ ನೆನಪೇ ಆಗಲಿಲ್ವೇನೋ ಅನ್ನಿಸ್ತು ನನಗೆ.”

“ನಿಮ್ಮ ಮುಂದೆ ಹೇಗೆ ಅನ್ನಲಿ ಅಪಾ?”

“ನನ್ನ ಮುಂದೆ ಅಲ್ದೆ ಇನ್ಯಾರ ಮುಂದೆ ಅಂತೀಯೆ?”

ಹದಿನೆಂಟು ವರ್ಷ ಅವರಿಗೆ ನೋವಾದೀತೆಂದು ನಾನು, ನನಗೆ ನೀನು ಬೇಡವಾದೆಯೆಂದು ಅವರು. ಎದುರುಬದುರು ಕೂತು ಎಷ್ಟು ಕೊಡ ಚಹಾ ಕುಡಿದಿದ್ದೇವೋ. ಹಾಗೆಂದು ಎಲ್ಲ ಸರಿಹೋಯಿತು ಎಂದುಕೊಳ್ಳಬೇಡ. ಹೇಳಬೇಕಿತ್ತು ಎಂದವರೇ, ಹೇಳಿದೆನೆಂಬ ಸಂಕಟಕ್ಕೆ ಆವತ್ತು ಸಂಜೆಯಿಂದ ನನ್ನ ಕೈಯ ಚಹಾ ಮುಟ್ಟಿಲ್ಲ. ತಾವೇ ಎದ್ದು ಹಾಕಿಕೊಂಡರು, ಕುಂಟುತ್ತ.

ನಮೂನೆಗೆ ಹೆಬ್ಬೆಟ್ಟು ಒತ್ತಲಿಲ್ಲ. ಬೇರೆ ಕಾಗದ ತರಿಸಿ ನನ್ನ ಕೈಯಲ್ಲಿ ಬರೆಸಿದರು. ಎರಡು ಸಾಲು. ‘ನಾನು ಹೆರಲಿಲ್ಲ. ನನ್ನವಳೇ.’ ನೋಟರಿ ಓದಿ, ಅಜ್ಜಿ, ಎರಡನೇ ಸಾಲು ಬೇಕಾಗಿಲ್ಲ ಎಂದ. “ಹಾಗಾದ್ರೆ ಮೊದಲನೇದೂ ಬೇಕಾಗಿಲ್ಲ, ಕೊಡು ಇಲ್ಲಿ” ಎಂದು ಕೈ ಚಾಚಿದರು. ಅವನು ಮುದ್ರೆ ಒತ್ತಿದ.

ಕಾಗದ ಇದರೊಳಗಿದೆ. ಬಸ್ಸಿನವನಿಗೆ ಕೊಟ್ಟಿದ್ದೇನೆ, ನಾಳೆ ಸಿಗುತ್ತದೆ.

ನಗಿಮಾ


ಅಲ್ಮಾಟಿ
29 ಏಪ್ರಿಲ್ 2000

ಅತ್ತಿಗೆ,

ನಿನ್ನೆ ಸಂಜೆ ಐದು ಗಂಟೆಗೆ ಪಟ್ಟಿ ಮುಚ್ಚಿತು. ನನ್ನ ಹೆಸರಿಲ್ಲ. ಹೇಗೆ ಹೋಯಿತೆಂದು ಇನ್ನೊಬ್ಬರ ಬಾಯಿಂದ ನಿಮಗೆ ತಿಳಿಯಬಾರದು, ಅದಕ್ಕೆ ಬರೆಯುತ್ತಿದ್ದೇನೆ.

ಮೂರು ದಿನ ಆ ಕಾಗದ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು. ನಿನ್ನೆ ನಾಲ್ಕೂವರೆಗೆ ಎಸೆನೋವ್ ನನ್ನೊಬ್ಬಳನ್ನೇ ಕರೆದ. ಬೇರೆಯವರು ಇರಲಿಲ್ಲ. ಅಪಾ ಬರೆಸಿದ್ದನ್ನು ಓದಿ, ಮೊದಲನೇ ಸಾಲು ಸಾಕಿತ್ತು ಎಂದ. ಎರಡನೆಯದು ಇರುವ ತನಕ ಮೇಲಿನವರು ಇದನ್ನು ವಾಪಸ್ ಕಳಿಸುತ್ತಾರೆ, ತಾಯಿ ಅಲ್ಲ ಎಂದು ಹೇಳಿ ಮಗಳು ಎಂದರೆ ಅವರ ಪುಸ್ತಕದಲ್ಲಿ ಅದಕ್ಕೆ ಕಲಂ ಇಲ್ಲವಂತೆ. ಮರುಬರೆಸಲು ಹೊತ್ತಿಲ್ಲ. ತನ್ನ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟ.

“ಒಂದು ಗೆರೆ ಎಳಿ. ನಾನು ಆ ಕಡೆ ತಿರುಗಿ ನಿಲ್ತೀನಿ. ಯಾರಿಗೂ ಗೊತ್ತಾಗಲ್ಲ.”

ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತ. ಅವನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದ, ಅದು ನನಗೆ ಗೊತ್ತಾಯಿತು. ಅದಕ್ಕೇ ಮೈ ಇನ್ನೂ ಉರಿಯಿತು. ನಾನು ಕೈ ಮುಂದೆ ಚಾಚಿದೆ. ಸುಳ್ಳು ಹೇಳುವುದಿಲ್ಲ, ಪೆನ್ನು ಹಿಡಿದೆ, ತುದಿಯನ್ನು ಕಾಗದಕ್ಕೆ ತಾಗಿಸಿದೆ. ಐದು ವರ್ಷದಿಂದ ಬೆಳಿಗ್ಗೆ ಆರಕ್ಕೆ ಎದ್ದು ಓಡಿದ್ದೇನೆ, ಎರಡು ಸಲ ಬೆರಳು ಮುರಿದುಕೊಂಡಿದ್ದೇನೆ. ನನ್ನವಳೇ ಎಂಬ ಮಾತು ಎಷ್ಟು ಚಿಕ್ಕದೆಂದರೆ ಅದರ ಮೇಲೆ ಗೆರೆ ಎಳೆಯಲು ಒಂದು ಉಸಿರು ಸಾಕು. ನಿಮ್ಮ ಅಕ್ಷರ, ಅವರ ಹೆಬ್ಬೆಟ್ಟು.

ತಾತ ತನಗೆ ಬೇಕಾದ ಹಾಗೆ ಬರೆಸಿದ. ನೀವು ಚೀಲದವನಿಗೆ ಬೇಕಾದಲ್ಲಿ ಸಹಿ ಹಾಕಿದಿರಿ. ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಒಬ್ಬರು ಇದ್ದದ್ದನ್ನು ಇದ್ದ ಹಾಗೆ ಬರೆಸಿದ್ದು ಇದೊಂದೇ ಕಾಗದ. ಅದನ್ನು ಹೊಡೆದುಹಾಕುವ ಕೈ ನನ್ನದೇ ಆಗಬೇಕಿತ್ತೇ?

“ನಿಮ್ಮ ಮನೆಯವರು ಬರೆಸಿದ್ರೆ ನೀವು ಹೊಡೀತಿದ್ರಾ?” ಎಂದು ಕೇಳಿದೆ.

ಅವನು ತಿರುಗಲಿಲ್ಲ. “ನನ್ನನ್ನೂ ಅಜ್ಜಿನೇ ಸಾಕಿದ್ದು. ಕೆಲಸಕ್ಕೆ ಅರ್ಜಿ ಹಾಕುವಾಗ ಅವಳ ಹೆಸರು ಹೊಡೆದೆ ಕಣಮ್ಮ” ಎಂದ. “ಏನೂ ಆಗಲಿಲ್ಲ. ಅಜ್ಜಿಗೆ ಗೊತ್ತೂ ಆಗಲಿಲ್ಲ.”

ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟೆ. ಕಾಗದವನ್ನು ಮಡಚಿ ತೆಗೆದುಕೊಂಡೆ. ಇದು ಕಡತಕ್ಕೆ ಸೇರಿದ್ದು, ಒಯ್ಯುವ ಹಾಗಿಲ್ಲ ಎಂದ. ಕಡತದಲ್ಲಿ ಇದಕ್ಕೆ ಕಲಂ ಇಲ್ಲವಲ್ಲ ಎಂದೆ. ಅವನು ತಡೆಯಲಿಲ್ಲ.

ನಾನು ಶಾಂತವಾಗಿ ಹೊರಗೆ ಬಂದೆ ಎಂದುಕೊಳ್ಳಬೇಡಿ. ಕೆಳಗಿನ ಮೆಟ್ಟಿಲ ಹತ್ತಿರ ಗೋಡೆಗೆ ಒದ್ದೆ, ಹೆಬ್ಬೆರಳು ಊದಿಕೊಂಡಿದೆ. ಪಾಕ್ ಮೇಡಂ ಮೊದಲು ಬೈದರು, ಆಮೇಲೆ ಮಂಜುಗಡ್ಡೆ ತಂದರು, ಕಟ್ಟುವಾಗ ಮತ್ತೆ ಬೈದರು. ಹುಡುಗಿಯರು ರಾತ್ರಿ ನನ್ನ ಜೊತೆ ಮಾತಾಡಲಿಲ್ಲ. ಒಂದು ಗೆರೆಗೋಸ್ಕರ ತಂಡವನ್ನು ಹನ್ನೊಂದಕ್ಕೆ ಇಳಿಸಿದೆ ಎಂಬ ಸಿಟ್ಟು ಅವರಿಗೆ. ಅವರ ಸಿಟ್ಟೂ ನ್ಯಾಯವೇ. ಬೆಳಿಗ್ಗೆ ಅವರು ಅಭ್ಯಾಸಕ್ಕೆ ಹೋಗುವಾಗ ಬಾಗಿಲು ಹಿಡಿದು ನಿಂತಿದ್ದೆ. ಒಬ್ಬೊಬ್ಬರಾಗಿ ದಾಟಿ ಹೋದರು.

ಅಪಾಗೆ ಸಮಾಧಾನದ ಮಾತು ಹೇಳಲು ಹೋಗಬೇಡಿ. ನಾನು ಆಡಬೇಕೆಂದಿರಲಿಲ್ಲ, ಹೋದರೆ ಹೋಯಿತು ಎಂದೆಲ್ಲ ಹೇಳಿ ಇದನ್ನೂ ಮುಚ್ಚಬೇಡಿ. ನನಗೆ ಆಡಬೇಕಿತ್ತು. ಆಡಲು ಬರುತ್ತಿತ್ತು. ಅಪಾಗೂ ಅಣ್ಣನಿಗೂ ಅದನ್ನು ಹಾಗೆಯೇ ಹೇಳಿ. ಈ ಸಮಿತಿಯ ಮೇಲಿನವರಿಗೆ, ಅವರ ಮೇಲಿನವರಿಗೆ, ಚಾಂಪಿಯನ್‌ಶಿಪ್ ನಡೆಸುವವರಿಗೆ ಬರೆಯಲು ಕೂರುತ್ತಿದ್ದೇನೆ. ಉತ್ತರ ಬರಲಿಕ್ಕಿಲ್ಲ. ಬಂದರೂ ಅಷ್ಟರಲ್ಲಿ ಆಟ ಮುಗಿದಿರುತ್ತದೆ. ಆದರೂ ಮೊದಲ ಸಾಲು ಬರೆದಾಗಿದೆ, ಅದರ ಮೇಲೆ ಯಾರಾದರೂ ಗೆರೆ ಎಳೆಯಲಿ ನೋಡೋಣ:

‘ನನ್ನ ಹೆಸರು ಕುರಾಲಾಯ್. ಇವತ್ತಿಗೆ ನನಗೆ ಹದಿನೆಂಟು ವರ್ಷ ಎರಡು ತಿಂಗಳು ಹನ್ನೆರಡು ದಿನ.’

ಕುರಾಲಾಯ್